ಋತುಮಾನದ ಪಯಣ ಮತ್ತು ಗರಿಫುನ ಆಚರಣೆಗಳು: ಡಾಂಗ್ರಿಗ ಪಟ್ಟಣವನ್ನು ಕುರಿತು

ಮಧ್ಯ ಅಮೆರಿಕದ ಪೂರ್ವ ಅಂಚಿನಲ್ಲಿ ಕೆರಿಬಿಯನ್ ಕಡಲಿಗೆ ಮುಖಮಾಡಿರುವ ಪುಟ್ಟ ದೇಶ ಬೆಲೀಜ್. ಅದರ ದಕ್ಷಿಣ ಕರಾವಳಿಯ ಡಾಂಗ್ರಿಗ ಪಟ್ಟಣ ಗರಿಫುನ ಜನಾಂಗದ ಪ್ರಮುಖ ನೆಲೆ. ಉತ್ತರ ಅಮೆರಿಕ ಹಾಗೂ ಯುರೋಪಿನ ಚಳಿಯಿಂದ ಬಿಡುವು ಬಯಸುವ ಪ್ರವಾಸಿಗರು ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಈ ಕರಾವಳಿಗೆ ಬರುತ್ತಾರೆ. ಪಟ್ಟಣದ ದೊಡ್ಡ ಸಾರ್ವಜನಿಕ ಆಚರಣೆಗಳು ನಡೆಯುವುದೂ ಈ ಅವಧಿಯ ಆರಂಭದಲ್ಲಿಯೇ. ಇದನ್ನು ಕಂಡವರು ಈ ಆಚರಣೆಗಳು ಪ್ರವಾಸೋದ್ಯಮಕ್ಕಾಗಿಯೇ ರೂಪುಗೊಂಡವೆಂದು ಭಾವಿಸುವ ಸಾಧ್ಯತೆಯುಂಟು. ಆದರೆ ಇಲ್ಲಿಯ ಹಬ್ಬದ ಕಾಲವನ್ನು ನಿರ್ಧರಿಸಿದ್ದು ಬೇರೆಯೇ ಬಗೆಯ ಪಯಣಗಳು.

ಗರಿಫುನರು ಸೇಂಟ್ ವಿನ್ಸೆಂಟ್ ದ್ವೀಪದ ಮೂಲನಿವಾಸಿಗಳು ಮತ್ತು ಆಫ್ರಿಕ ಮೂಲದವರ ಬೆರಕೆಯಿಂದ ರೂಪುಗೊಂಡ ಜನ. ಇವರ ನುಡಿ ಅರವಾಕ್ ಭಾಷಾವರ್ಗಕ್ಕೆ ಸೇರಿದುದು. ಬ್ರಿಟಿಷರ ವಿರುದ್ಧದ ಹೋರಾಟದಲ್ಲಿ ನಾಯಕ ಚಟೋಯರ್ 1795ರಲ್ಲಿ ಮಡಿದನು. 1797ರಲ್ಲಿ ಬ್ರಿಟಿಷರು ಸುಮಾರು ಎರಡು ಸಾವಿರ ಜನರನ್ನು ಹೊಂಡುರಾಸಿನ ಕರಾವಳಿಯಾಚೆಯ ರೊಯಾಟನ್ ದ್ವೀಪಕ್ಕೆ ಗಡೀಪಾರು ಮಾಡಿದರು. ಅಲ್ಲಿಂದ ಇವರು ಮಧ್ಯ ಅಮೆರಿಕದ ಕರಾವಳಿಯುದ್ದಕ್ಕೂ ಹರಡಿದರು. ಹೊಂಡುರಾಸಿನ ಅಂತಃಕಲಹದಿಂದ ಪಾರಾಗಿ ದೋಣಿಗಳಲ್ಲಿ ಹೊರಟ ಒಂದು ತಂಡ 1832ರ ನವೆಂಬರ್ 19ರಂದು ಈ ತೀರವನ್ನು ಸೇರಿತೆಂಬುದು ಸಮುದಾಯದ ನೆನಪು.

ಈ ನೆನಪಿಗೆ ಹಬ್ಬದ ರೂಪ ಕೊಟ್ಟವನು ಥಾಮಸ್ ವಿನ್ಸೆಂಟ್ ರಾಮೋಸ್. ಅವನ ಪ್ರಯತ್ನದಿಂದ 1941ರಲ್ಲಿ ಡಾಂಗ್ರಿಗದಲ್ಲಿ ನೆಲೆಸಿದ ದಿನದ ಆಚರಣೆ ಮೊದಲಾಯಿತು. 1943ರಲ್ಲಿ ದಕ್ಷಿಣದ ಜಿಲ್ಲೆಗಳಲ್ಲಿಯೂ 1977ರಲ್ಲಿ ಇಡೀ ದೇಶದಲ್ಲಿಯೂ ಅದು ರಜಾದಿನವಾಯಿತು. ಅಂದು ನಸುಕಿನಲ್ಲಿ ದೋಣಿಗಳು ಕಡಲಿನಿಂದ ದಡಕ್ಕೆ ಬರುತ್ತವೆ. ದೋಣಿಯವರು ಮರಗೆಣಸು, ಬಾಳೆ ಮೊದಲಾದ ಬೆಳೆಗಳನ್ನು ಹಿಡಿದಿರುತ್ತಾರೆ. ತಮಟೆ, ಹಾಡುಗಳೊಡನೆ ಮೆರವಣಿಗೆ ಊರನ್ನು ಹೊಕ್ಕು ಚರ್ಚಿನತ್ತ ಸಾಗುತ್ತದೆ. ಹೀನಾಯವಾಗಿ ಕಾಣಲಾಗುತ್ತಿದ್ದ ಒಂದು ಜನಾಂಗ ವಸಾಹತು ಆಡಳಿತದ ಕೆಳಗೆ ತನ್ನ ಆಗಮನವನ್ನು ತಾನೇ ಸಾರಿಕೊಂಡದ್ದು ಈ ಆಚರಣೆಯ ಮೂಲ ಅರ್ಥ.

ಎರಡನೆಯ ಆಚರಣೆ ಕ್ರಿಸ್‌ಮಸ್‌ನಿಂದ ಜನವರಿ 6ರವರೆಗೆ ಮನೆಮನೆಯ ಅಂಗಳದಲ್ಲಿ ನಡೆಯುವ ವನರಗುವ ಕುಣಿತ. ಜಂಕುನು ಎಂದೂ ಇದಕ್ಕೆ ಹೆಸರುಂಟು. ಕುಣಿಯುವವರು ಗರಿಗಳ ಶಿರೋಭೂಷಣ ತೊಟ್ಟು, ಮೊಣಕಾಲಿಗೆ ಕವಡೆಗಳ ಪಟ್ಟಿ ಕಟ್ಟಿಕೊಳ್ಳುತ್ತಾರೆ. ತಂತಿಬಲೆಯ ಮುಖವಾಡದ ಮೇಲೆ ಬಿಳಿಯನ ಮುಖವನ್ನು ಬರೆಯಲಾಗಿರುತ್ತದೆ. ಇಲ್ಲಿ ಕುಣಿಯುವವನು ತಮಟೆಯ ಗತಿಯನ್ನು ಅನುಸರಿಸುವುದಿಲ್ಲ. ತಮಟೆಯವನೇ ಅವನ ಹೆಜ್ಜೆಯನ್ನು ಹಿಂಬಾಲಿಸುತ್ತಾನೆ. ಸೇಂಟ್ ವಿನ್ಸೆಂಟಿನ ವೀರರು ಹೆಂಗಸರ ವೇಷದಲ್ಲಿ ಶತ್ರುವನ್ನು ವಂಚಿಸಿದರೆಂದು ಮೌಖಿಕ ಪರಂಪರೆ ಇದರ ಮೂಲವನ್ನು ಹೇಳುತ್ತದೆ. ವಿದ್ವಾಂಸರು ಇದನ್ನು ಜಮೈಕ ಮೊದಲಾದೆಡೆ ಗುಲಾಮರು ಕ್ರಿಸ್‌ಮಸ್ ಬಿಡುವಿನಲ್ಲಿ ಆಡುತ್ತಿದ್ದ ವೇಷಗಳೊಡನೆ ಜೋಡಿಸುತ್ತಾರೆ. ಎರಡರಲ್ಲಿಯೂ ಯಜಮಾನನನ್ನು ಅಣಕಿಸುವ ಆಶಯ ಸಮಾನವಾಗಿದೆ.

ಈ ಕುಣಿತದ ಕಾಲಕ್ಕೆ ದುಡಿಮೆಯ ಹಿನ್ನೆಲೆಯೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಮಹಾಗನಿ ಮರ ಕಡಿಯುವುದು ಇಲ್ಲಿಯ ಮುಖ್ಯ ಉದ್ಯಮವಾಗಿತ್ತು. ಗರಿಫುನ ಗಂಡಸರೂ ಆ ಕೆಲಸಕ್ಕೆ ಹೋಗುತ್ತಿದ್ದರು. ಕಾಡಿನ ಕೂಲಿಯವರಿಗೆ ಬಿಡುವು ಸಿಗುತ್ತಿದ್ದುದು ಕ್ರಿಸ್‌ಮಸ್‌ನಲ್ಲಿ. ಹೊಸ ಕರಾರು ಮಾಡಿಕೊಂಡು ಜನವರಿಯಲ್ಲಿ ಅವರು ಮತ್ತೆ ಕಾಡಿಗೆ ಹೊರಡಬೇಕಿತ್ತು. ಹೋದವರು ಮರಳುವ ಕಾಲವೇ ಹಬ್ಬದ ಕಾಲವಾಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಡಿನ ಜಾಗಕ್ಕೆ ನ್ಯೂಯಾರ್ಕ್, ಲಾಸ್ ಏಂಜಲೀಸ್ ನಗರಗಳು ಬಂದವು. ದೂರ ಹೆಚ್ಚಿತಾದರೂ ವರ್ಷದ ಕೊನೆಗೆ ಊರಿಗೆ ಮರಳುವ ವಾಡಿಕೆ ಅಳಿಯಲಿಲ್ಲ.

ಪ್ರವಾಸಿಗರ ಋತು ಈ ಹಳೆಯ ಪಂಚಾಂಗದ ಮೇಲೆ ಅನಂತರ ಬಂದು ಕೂಡಿಕೊಂಡದ್ದು. ಇದರಿಂದ ಕುಣಿತದ ಸನ್ನಿವೇಶ ಬದಲಾಗಿದೆ. ಮುಖವಾಡ ಯಾರನ್ನು ಅಣಕಿಸುತ್ತದೆಯೋ ಅಂಥದೇ ಮುಖದವರು ಈಗ ಪ್ರೇಕ್ಷಕರ ಸಾಲಿನಲ್ಲಿರುತ್ತಾರೆ. ಡಾಂಗ್ರಿಗದ ದಕ್ಷಿಣಕ್ಕಿರುವ, ಉದ್ದನೆಯ ಮರಳ ದಂಡೆಯ ಹಾಪ್ಕಿನ್ಸ್ ಹಳ್ಳಿಯಲ್ಲಿ ತಮಟೆ ಬಾರಿಸುವುದನ್ನು ಪ್ರವಾಸಿಗರಿಗೆ ಕಲಿಸುವ ವ್ಯವಸ್ಥೆಯೂ ಬೆಳೆದಿದೆ. ಇದು ಕಲಾವಿದರಿಗೆ ಸಂಪಾದನೆ ತಂದಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಅಂಗಳದ ಆಟ ಹಣ ಕೊಟ್ಟವರ ಮುಂದಿನ ಪ್ರದರ್ಶನವಾದಾಗ ಅದರ ಅಣಕ ಮೊನಚು ಕಳೆದುಕೊಳ್ಳುವ ಅಪಾಯವಿದೆ.

ಇದಕ್ಕೆ ಎದುರಾಗಿ ನಿಲ್ಲುವುದು ದುಗು ಎಂಬ ಪಿತೃ ಆರಾಧನೆ. ಬುಯೈ ಎಂಬ ಪೂಜಾರಿ ಇದರ ಮುಂದಾಳು. ಹಿರಿಯರ ಆತ್ಮ ಬಯಸಿದಾಗ ದೂರದೇಶಗಳಲ್ಲಿರುವ ಬಂಧುಗಳೂ ಬಂದು ಕೂಡಬೇಕೆಂಬುದು ಕಟ್ಟುಪಾಡು. ಆರಾಧನೆಗೆ ಬೇಕಾದ ಮೀನು, ಏಡಿಗಳಿಗಾಗಿ ಕಡಲಿಗೆ ಹೋದವರು ದೋಣಿಯಲ್ಲಿ ಹಿಂದಿರುಗುವಾಗ ಅವರನ್ನು ದಡದಲ್ಲಿ ಎದುರುಗೊಳ್ಳುತ್ತಾರೆ. ನವೆಂಬರ್ 19ರ ಬೀದಿ ಮೆರವಣಿಗೆಗೂ ಈ ಆರಾಧನೆಗೂ ದೋಣಿಯ ಆಗಮನ ಸಮಾನ ಆಶಯವಾಗಿರುವುದು ಗಮನಾರ್ಹ. ಒಂದು ಎಲ್ಲರೂ ನೋಡಲೆಂದು ನಡೆಯುವಂಥದು. ಇನ್ನೊಂದು ಬಂಧುಬಳಗಕ್ಕೆ ಮಾತ್ರ ಸೇರಿದುದು.

ಗರಿಫುನರ ಭಾಷೆ, ಕುಣಿತ, ಸಂಗೀತಗಳನ್ನು ಯುನೆಸ್ಕೊ 2001ರಲ್ಲಿ ಮಾನವಕುಲದ ಪರಂಪರೆಯೆಂದು ಘೋಷಿಸಿ 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಆದರೂ ಬೆಲೀಜಿನ ಎಳೆಯರ ಬಾಯಲ್ಲಿ ಗರಿಫುನ ನುಡಿಯ ಬದಲು ಕ್ರಿಯೋಲ್, ಇಂಗ್ಲಿಷುಗಳೇ ಹೆಚ್ಚು ಕೇಳುತ್ತವೆ. ನುಡಿ ಹೋದರೆ ದುಗುವಿನ ಹಾಡುಗಳು ಉಳಿಯುವುದು ಕಷ್ಟ. ನೋಡಲು ಬರುವವರು ಕುಣಿತವನ್ನು ಉಳಿಸಬಹುದು. ಅದರ ಅರ್ಥವನ್ನು ಉಳಿಸಬಲ್ಲವರು ಮರಳಿ ಬರುವವರು ಮಾತ್ರ. ಈ ಪರಂಪರೆಯ ಮುಂದಿನ ಗತಿ ಎರಡನೆಯ ಪಯಣವನ್ನೇ ಅವಲಂಬಿಸಿದೆ.