ಐತಿಹಾಸಿಕ ಉದ್ಯಾನಗಳ ಸಂರಕ್ಷಣೆ ಮತ್ತು ಪರಂಪರೆಯ ಕಸುಬು: ನಂದಿಬೆಟ್ಟದ ಸೀಮೆಯನ್ನು ಕುರಿತು ಒಂದು ಸಮೀಕ್ಷೆ

ಕೋಟೆಯಾಗಲಿ ದೇವಾಲಯವಾಗಲಿ ಒಮ್ಮೆ ಕಟ್ಟಿ ಮುಗಿದ ಮೇಲೆ ಬಹುಮಟ್ಟಿಗೆ ತನ್ನ ರೂಪದಲ್ಲಿಯೇ ನಿಲ್ಲುತ್ತದೆ. ಉದ್ಯಾನ ಹಾಗಲ್ಲ, ಅದರ ಗಿಡಗಳು ಬೆಳೆದು, ಮುಪ್ಪಾಗಿ, ಸಾಯುವುದರಿಂದ ಅದನ್ನು ಪ್ರತಿ ತಲೆಮಾರೂ ಹೊಸದಾಗಿ ಕಟ್ಟಬೇಕಾಗುತ್ತದೆ. ಆದ್ದರಿಂದ ಹಳೆಯ ಉದ್ಯಾನವನ್ನು ಉಳಿಸುವುದೆಂದರೆ ಅದರ ಗಡಿಯನ್ನೂ ಮರಗಳನ್ನೂ ಕಾಯುವುದು ಮಾತ್ರವಲ್ಲ, ನೀರು ಹಾಯಿಸುವ, ಕಸಿ ಕಟ್ಟುವ, ಕೊಂಬೆ ಸವರುವ, ಗಾರೆ ಅರೆಯುವ ಕೈಗಳ ಅರಿವನ್ನೂ ಉಳಿಸುವುದು ಎಂದಾಗುತ್ತದೆ. ಕರ್ನಾಟಕದಲ್ಲಿ ಈ ಅರಿವು ಬೆಳೆದು ಬಂದ ದಾರಿಯನ್ನು ಬೆಂಗಳೂರಿನ ಲಾಲ್‌ಬಾಗ್ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟ ಸ್ಪಷ್ಟವಾಗಿ ತೋರಿಸುತ್ತವೆ.

1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ಲಾಲ್‌ಬಾಗಿಗೆ ಸಿರಾದ ಮೊಗಲರ ಕಾಲದ ತೋಟವೇ ಮಾದರಿಯೆಂದು ಹೇಳುವುದುಂಟು. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಕಂಡ ಅರಸರ ತೋಟಗಳು ಕಾಲುದಾರಿಗಳಿಂದ ಚೌಕಗಳಾಗಿ ವಿಂಗಡಗೊಂಡಿದ್ದವು. ದಾರಿಯ ಅಂಚಿಗೆ ಸೈಪ್ರಸ್ ಮರಗಳಿದ್ದು, ಒಂದೊಂದು ಚೌಕದಲ್ಲಿ ಒಂದೊಂದೇ ಜಾತಿಯ ಗಿಡವಿತ್ತು. ಇಂಥ ತೋಟ ನೀರಿನ ಕೆಲಸವನ್ನು ನಂಬಿ ನಿಲ್ಲುವಂಥದು. ಈ ಸೀಮೆಯಲ್ಲಿ ತಗ್ಗಿನ ನೀರನ್ನು ಎತ್ತಲು ಏತವೂ, ಆಳದ ಬಾವಿಗೆ ಕಪಿಲೆಯೂ ಬಳಕೆಯಲ್ಲಿದ್ದವು. ಏತವು ಉದ್ದನೆಯ ತೊಲೆಯನ್ನು ಏರಿಳಿಸಿ ನೀರೆತ್ತುವ ಸಾಧನ. ಕಪಿಲೆಯು ಎತ್ತುಗಳ ಜೋಡಿ ಇಳಿಜಾರಿನಲ್ಲಿ ನಡೆದು ಬಾನಿಯಲ್ಲಿ ನೀರೆಳೆಯುವ ವ್ಯವಸ್ಥೆ. ಮೇಲೆ ಬಂದ ನೀರು ಕಾಲುವೆಯಲ್ಲಿ ಹರಿದು ಪಾತಿಗಳನ್ನು ಸೇರುವಾಗ ಎಲ್ಲಿ ಮಣ್ಣು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಕಣ್ಣಂದಾಜಿನಿಂದಲೇ ತೀರ್ಮಾನವಾಗುತ್ತಿತ್ತು.

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ಎರಡನೆಯ ಹಂತ ತೊಡಗಿತು. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದ ಶಿಕ್ಷಣ ಪಡೆದು 1858ರಲ್ಲಿ ಬಂದ ವಿಲಿಯಂ ನ್ಯೂ, 1874ರಲ್ಲಿ ಅಧಿಕಾರ ವಹಿಸಿಕೊಂಡ ಜಾನ್ ಕ್ಯಾಮರಾನ್ ಇವರು ಸಸ್ಯಗಳ ಪಟ್ಟಿ, ಹೊರದೇಶಗಳೊಡನೆ ಬೀಜ ವಿನಿಮಯ, ಹೊಸ ತಳಿಗಳ ಪರೀಕ್ಷೆ ಎಂಬ ಕ್ರಮಗಳನ್ನು ನೆಲೆಗೊಳಿಸಿದರು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತು. ಹೀಗೆ ಸಸ್ಯದ ಹೆಸರು, ಮೂಲ, ಗುಣ ಇವೆಲ್ಲ ಬರಹಕ್ಕೆ ಬಂದವು. ಆದರೆ ಅದೇ ಸಸ್ಯವನ್ನು ಈ ಮಣ್ಣಿನಲ್ಲಿ ಬದುಕಿಸುತ್ತಿದ್ದ ತಿಗಳ ಮುಂತಾದ ತೋಟಗಾರ ಸಮುದಾಯಗಳ ಅನುಭವ ಹೆಚ್ಚಾಗಿ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟುವ ವಿದ್ಯೆಯಾಗಿಯೇ ಉಳಿಯಿತು. ಬರಹದ ಅರಿವಿಗೂ ಕೈಯ ಅರಿವಿಗೂ ನಡುವೆ ಅಂದು ಉಂಟಾದ ಅಂತರವೇ ಇಂದಿನ ಸಂರಕ್ಷಣೆಯ ಮುಖ್ಯ ತೊಡಕಾಗಿದೆ.

ಈ ಅಂತರವನ್ನು ತಗ್ಗಿಸುವ ಪ್ರಯತ್ನ ನಡೆದದ್ದು 1908ರಿಂದ 1932ರವರೆಗೆ ಅಧಿಕಾರದಲ್ಲಿದ್ದ ಜರ್ಮನ್ ತೋಟಗಾರಿಕಾ ತಜ್ಞ ಜಿ. ಎಚ್. ಕ್ರುಂಬಿಗಲ್ ಅವರ ಕಾಲದಲ್ಲಿ. ಲಾಲ್‌ಬಾಗಿನಲ್ಲಿ ತೋಟಗಾರಿಕೆಯ ಶಾಲೆ ರೂಪುಗೊಂಡು, ನೆಲದಲ್ಲಿ ದುಡಿಯುತ್ತಲೇ ಕಲಿಯುವ ಪದ್ಧತಿಗೆ ಸಂಸ್ಥೆಯ ಆಶ್ರಯ ದೊರೆಯಿತು. ಅವರ ನಂತರ ಬಂದ ಎಚ್. ಸಿ. ಜವರಾಯ ಮತ್ತು ಮುಂದೆ ಎಂ. ಎಚ್. ಮರಿಗೌಡ ಇವರ ಅವಧಿಯಲ್ಲಿ ತೋಟಗಾರಿಕೆ ಇಲಾಖೆಯ ಗಮನ ಹಣ್ಣು, ತರಕಾರಿ, ಸಸಿಗಳನ್ನು ರೈತರಿಗೆ ತಲುಪಿಸುವ ಕಡೆಗೆ ವಿಸ್ತರಿಸಿತು. ರೈತರ ಮಕ್ಕಳಿಗೆ ನೀಡುವ 10 ತಿಂಗಳ ತೋಟಗಾರಿಕೆ ತರಬೇತಿ ಈ ಪರಂಪರೆಯದೇ ಮುಂದುವರಿಕೆ. ಇದರಿಂದ ನಾಡಿನ ಕೃಷಿಗೆ ದೊಡ್ಡ ಉಪಕಾರವಾಯಿತು. ಆದರೆ ಹಳೆಯ ಉದ್ಯಾನವನ್ನು ಹಳೆಯ ಕ್ರಮದಲ್ಲಿ ಕಾಪಾಡುವುದು ಪ್ರತ್ಯೇಕವಾದೊಂದು ವಿದ್ಯೆ ಎಂಬ ಅರಿವು ಆಗಿನ್ನೂ ಮೂಡಿರಲಿಲ್ಲ.

ಆ ಅರಿವಿಗೆ ಮೊದಲು ದೊರೆತದ್ದು ಕಾನೂನಿನ ರೂಪ. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಲಾಲ್‌ಬಾಗ್ ಮತ್ತು ಕಬ್ಬನ್ ಉದ್ಯಾನಗಳ ನೆಲಕ್ಕೆ ರಕ್ಷಣೆ ಕೊಟ್ಟಿತು. 1981ರಲ್ಲಿ ಸಿದ್ಧವಾದ ಫ್ಲಾರೆನ್ಸ್ ಸನ್ನದು ಐತಿಹಾಸಿಕ ಉದ್ಯಾನವನ್ನು ಜೀವಂತ ಸ್ಮಾರಕವೆಂದು ಕರೆದು, ಅದರ ನಿರ್ವಹಣೆ ಎಡೆಬಿಡದೆ ನಡೆಯಬೇಕಾದ ಕೆಲಸವೆಂದೂ, ಇತಿಹಾಸಕಾರರು, ವಾಸ್ತುಶಿಲ್ಪಿಗಳು, ಸಸ್ಯವಿಜ್ಞಾನಿಗಳ ಜೊತೆಗೆ ತೋಟಗಾರರಿಗೂ ತರಬೇತಿ ಬೇಕೆಂದೂ ಹೇಳಿತು. 2003ರ ಯುನೆಸ್ಕೋ ಒಪ್ಪಂದವು ಪರಂಪರೆಯ ಕರಕುಶಲ ವಿದ್ಯೆಯನ್ನೇ ಪರಂಪರೆಯ ಆಸ್ತಿಯೆಂದು ಮನ್ನಿಸಿತು. ಅದೇ ವರ್ಷ ದೆಹಲಿಯ ಹುಮಾಯೂನ್ ಸಮಾಧಿಯ ತೋಟದ ಪುನರುಜ್ಜೀವನ ಮುಗಿದು, ಕಲ್ಲಿನ ಕಾಲುವೆಗಳಲ್ಲಿ ಮತ್ತೆ ನೀರು ಹರಿದದ್ದು ಭಾರತದಲ್ಲಿ ಈ ಕ್ಷೇತ್ರಕ್ಕೆ ಒಂದು ಮಾದರಿಯಾಯಿತು.

ಈ ಹಿನ್ನೆಲೆಯಲ್ಲಿ ನಂದಿಬೆಟ್ಟದ ಸೀಮೆಯನ್ನು ನೋಡಬೇಕು. 1478 ಮೀಟರ್ ಎತ್ತರದ ಈ ಬೆಟ್ಟದ ಮೇಲೆ ಟಿಪ್ಪುವಿನ ಬೇಸಿಗೆ ಅರಮನೆ, ಬ್ರಿಟಿಷ್ ಅಧಿಕಾರಿ ಕಬ್ಬನ್ ಅವರ ಬಂಗಲೆ, ಮೆಟ್ಟಿಲುಗಳ ಅಮೃತ ಸರೋವರ ಮತ್ತು ದಶಕಗಳ ಕಾಲ ತೋಟಗಾರಿಕೆ ಇಲಾಖೆ ಪೋಷಿಸಿದ ಉದ್ಯಾನ ಇವೆ. ತಪ್ಪಲಿನಲ್ಲಿ ಭೋಗನಂದೀಶ್ವರ ದೇವಾಲಯದ ಕಲ್ಯಾಣಿ ಇದೆ. ಇಂಥ ಕಡೆ ಗಿಡದ ಕೆಲಸವನ್ನೂ ಕಲ್ಲಿನ ಕೆಲಸವನ್ನೂ ಬೇರ್ಪಡಿಸಲಾಗದು. ಸುಣ್ಣಕ್ಕೆ ಮರಳು ಅಥವಾ ಇಟ್ಟಿಗೆ ಪುಡಿ ಬೆರೆಸಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಹಾಕಿ ಅರೆದ ಗಾರೆ ನಿಧಾನವಾಗಿ ಗಟ್ಟಿಯಾಗಿ, ಗೋಡೆಯೊಳಗಿನ ತೇವ ಹೊರಹೋಗಲು ಎಡೆ ಕೊಡುತ್ತದೆ. ಅದರ ಬದಲು ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು, ಉಪ್ಪು ಕಟ್ಟಿ, ಹಳೆಯ ಇಟ್ಟಿಗೆ ಉದುರತೊಡಗುತ್ತದೆ.

ಈ ಸೀಮೆಯ ಭಾಗ್ಯವೆಂದರೆ ಬೇಕಾದ ಕೈಚಳಕ ಇನ್ನೂ ಹಳ್ಳಿಗಳಲ್ಲಿ ಬದುಕಿದೆ. ಶಿಡ್ಲಘಟ್ಟದ ರೇಷ್ಮೆ ರೈತರು ಹಿಪ್ಪುನೇರಳೆಯನ್ನು ಕ್ರಮವರಿತು ಸವರುತ್ತಾರೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರರಿಗೆ ಯಾವ ಕಡ್ಡಿ ಬಿಡಬೇಕು, ಯಾವುದು ಕತ್ತರಿಸಬೇಕು ಎಂಬುದು ಗೊತ್ತು. ಚಿಂತಾಮಣಿಯ ಕಡೆ ಮಾವಿನ ಕಸಿ ಪರಿಚಿತ. ಗೌರಿಬಿದನೂರಿನ ದಾರಿಯ ಮಂಚೇನಹಳ್ಳಿಯ ಸುತ್ತಲ ರೈತಾಪಿ ಕುಟುಂಬಗಳ ಹಿರಿಯರಲ್ಲಿ ಮಡಿ ಕಟ್ಟಿ ನೀರು ಹಾಯಿಸುವ ಲೆಕ್ಕ ಉಳಿದಿದೆ. ಆದರೆ ಕೊಳವೆಬಾವಿ ಮತ್ತು ಹನಿ ನೀರಾವರಿ ಬಂದ ಮೇಲೆ ಕಪಿಲೆ, ಏತಗಳು ಮರೆಯಾದವು. ತೋಟದ ಕೆಲಸ ಅಲ್ಪಾವಧಿಯ ಗುತ್ತಿಗೆಗೆ ಹೋದಲ್ಲಿ ಒಂದೇ ಗಿಡವನ್ನು ವರ್ಷಗಟ್ಟಲೆ ನೋಡಿ ಕಲಿಯುವ ಅವಕಾಶ ತಪ್ಪುತ್ತದೆ.

ಎರಡೂವರೆ ಶತಮಾನಗಳ ಈ ಬೆಳವಣಿಗೆಯಲ್ಲಿ ಸಸ್ಯಕ್ಕೆ ಪಟ್ಟಿ ದೊರೆಯಿತು, ನೆಲಕ್ಕೆ ಕಾನೂನು ದೊರೆಯಿತು, ಕಸುಬುದಾರನಿಗೆ ಮಾತ್ರ ಭದ್ರವಾದ ಸ್ಥಾನ ದೊರೆಯಲಿಲ್ಲ. ನಡೆಯುತ್ತಿರುವ ತರಬೇತಿಗಳಲ್ಲಿ ಹಳೆಯ ಉದ್ಯಾನದ ನಿರ್ವಹಣೆಯನ್ನು ಪಾಠವಾಗಿಸಿ, ಗಾರೆ ಕೆಲಸದವರು, ಕಲ್ಲುಕುಟಿಗರು, ಅನುಭವಿ ತೋಟಗಾರರನ್ನು ಬೋಧಕರಾಗಿ ನೇಮಿಸಿ, ಕಲಿತವರಿಗೆ ಅದೇ ಉದ್ಯಾನಗಳಲ್ಲಿ ಕಾಯಂ ಕೆಲಸ ಕೊಡುವುದು ಈಗ ಆಗಬೇಕಾದ ಮೊದಲ ಕಾರ್ಯ. ಹಿರಿಯರ ವಿಧಾನಗಳನ್ನು ಅವರದೇ ಮಾತಿನಲ್ಲಿ, ಚಿತ್ರಸಹಿತ ದಾಖಲಿಸುವುದು ಇದರ ಜೊತೆಗೇ ನಡೆಯಬೇಕು. ದಾಖಲೆಯೊಂದೇ ಕೈಗೆ ಪಳಗುವಿಕೆಯನ್ನು ಕೊಡಲಾರದು, ದಾಖಲೆಯಿಲ್ಲದ ಕಸುಬು ಕಸುಬುದಾರನೊಂದಿಗೇ ಮುಗಿದುಹೋಗುತ್ತದೆ.