ಹೊರಗಿನ ಬಂಡವಾಳಕ್ಕೆ ತೆರೆದ ಬಾಗಿಲುಗಳು

ಐನ್ ಖಾಲಿದ್‌ನಲ್ಲಿ ನೆಲೆಸಿರುವ ನಾವು ಎರಡು ಷೇರುಪೇಟೆಗಳಿಗೆ ಹೊರಗಿನವರು. ದೋಹಾದ ಪೇಟೆಯ ಲೆಕ್ಕದಲ್ಲಿ ಕತಾರಿಗಳಲ್ಲದವರು. ಮುಂಬಯಿಯ ಪೇಟೆಯ ಲೆಕ್ಕದಲ್ಲಿ ಅನಿವಾಸಿಗಳು. ಊರಿನಿಂದ ಬರುವ ಸುದ್ದಿಯಲ್ಲಿ ‘ವಿದೇಶಿ ಹೂಡಿಕೆದಾರರು ಮಾರಿದರು, ಪೇಟೆ ಕುಸಿಯಿತು’ ಎಂಬ ಸಾಲನ್ನು ನಾವೆಲ್ಲರೂ ಓದುತ್ತೇವೆ. ಆ ವಿದೇಶಿಯರು ಯಾವಾಗ, ಯಾವ ಕಟ್ಟಳೆಗೆ ಒಳಪಟ್ಟು ಒಳಗೆ ಬಂದರು, ಅವರ ಸಾಲಿನಲ್ಲಿ ನಮ್ಮ ಸ್ಥಾನವೆಲ್ಲಿ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಕನ್ನಡ ನಾಡಿಗೆ ಹೊರಗಿನ ಬಂಡವಾಳ ಹೊಸತೇನಲ್ಲ. ಕೋಲಾರದ ಚಿನ್ನದ ಗಣಿಗಳನ್ನು 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದ್ದು ಲಂಡನ್ನಿನ ಷೇರುದಾರರ ಹಣದಿಂದ. ಆ ಷೇರುಗಳ ವಹಿವಾಟು ನಡೆದದ್ದೂ ಲಂಡನ್ನಿನಲ್ಲಿಯೇ. ಹೊರಗಿನವನು ನಮ್ಮ ಪೇಟೆಗೇ ಬಂದು, ನಮ್ಮ ರೂಪಾಯಿಯಲ್ಲಿ, ನಮ್ಮ ಕಾನೂನಿಗೆ ತಲೆಬಾಗಿ ಷೇರು ಕೊಳ್ಳುವುದು ಬೇರೆಯೇ ಸಂಗತಿ. ಸ್ವತಂತ್ರ ಭಾರತ ಅದಕ್ಕೆ ಬಹುಕಾಲ ಅವಕಾಶವನ್ನೇ ಕೊಡಲಿಲ್ಲ.

ಮೊದಲು ಅವಕಾಶ ದೊರೆತದ್ದು ನಮ್ಮಂಥವರಿಗೆ. 1982ರಲ್ಲಿ ಅನಿವಾಸಿ ಭಾರತೀಯರು ಭಾರತದ ಕಂಪನಿಗಳ ಷೇರುಗಳನ್ನು ಪೇಟೆಯಲ್ಲಿ ಕೊಳ್ಳಬಹುದೆಂದು ಸರ್ಕಾರ ಪ್ರಕಟಿಸಿತು. ಗಲ್ಫ್ ದೇಶಗಳ ದುಡಿಮೆಗಾರರ ಸಣ್ಣ ಉಳಿತಾಯವಷ್ಟೇ ಬಂದಿದ್ದರೆ ಯಾರೂ ಗಮನಿಸುತ್ತಿರಲಿಲ್ಲವೇನೋ. ಆದರೆ ಲಂಡನ್ನಿನ ಉದ್ಯಮಿ ಸ್ವರಾಜ್ ಪಾಲ್ ಅವರು ಎಸ್ಕಾರ್ಟ್ಸ್ ಮತ್ತು ಡಿಸಿಎಂ ಕಂಪನಿಗಳ ಷೇರುಗಳನ್ನು ದೊಡ್ಡ ಪ್ರಮಾಣದಲ್ಲಿ ಖರೀದಿಸಿದರು. ಕಂಪನಿಗಳನ್ನು ನಡೆಸುತ್ತಿದ್ದ ಮನೆತನಗಳು ಬೆದರಿ, ಷೇರುಗಳನ್ನು ಅವರ ಹೆಸರಿಗೆ ವರ್ಗಾಯಿಸಲು ನಿರಾಕರಿಸಿದವು. ಎಸ್ಕಾರ್ಟ್ಸ್ ಪ್ರಕರಣ 1985ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತೀರ್ಪು ಕಂಪನಿಯ ಪರವಾಗಿ ಬರಲಿಲ್ಲ. ಆದರೂ ಪಾಲ್ ಕೊನೆಗೆ ತಮ್ಮ ಷೇರುಗಳನ್ನು ಮಾರಿ ಹೊರನಡೆದರು. ಹೊರಗಿನ ಹಣ ಬೇಕು, ಹೊರಗಿನವರ ಯಜಮಾನಿಕೆ ಬೇಡ ಎಂಬ ಅಂದಿನ ಅಳುಕೇ ಮುಂದಿನ ಮಿತಿಗಳೆಲ್ಲದರ ಬೇರು ಎಂದು ನಮಗೆ ತೋರುತ್ತದೆ.

ದೊಡ್ಡ ಬಾಗಿಲು ತೆರೆದದ್ದು 1992ರ ಸೆಪ್ಟೆಂಬರ್ 14ರಂದು. ಹಿಂದಿನ ವರ್ಷ ವಿದೇಶಿ ವಿನಿಮಯ ಬರಿದಾಗಿ ದೇಶ ಚಿನ್ನವನ್ನು ಒತ್ತೆಯಿಟ್ಟಿತ್ತು. ಪಿಂಚಣಿ ನಿಧಿ, ಮ್ಯೂಚುವಲ್ ಫಂಡ್ ಮುಂತಾದ ವಿದೇಶಿ ಸಂಸ್ಥೆಗಳು ಸೆಬಿಯಲ್ಲಿ ನೋಂದಾಯಿಸಿಕೊಂಡು ಷೇರು ಕೊಳ್ಳಬಹುದೆಂದು ಸರ್ಕಾರ ಮಾರ್ಗಸೂಚಿ ಹೊರಡಿಸಿತು. ಒಂದು ಕಂಪನಿಯಲ್ಲಿ ಅವೆಲ್ಲವುಗಳ ಒಟ್ಟು ಪಾಲು ಶೇ. 24ನ್ನು ಮೀರುವಂತಿರಲಿಲ್ಲ.

ಅದರ ಫಲ ಬೆಂಗಳೂರಿಗೆ ಬೇಗನೆ ತಲುಪಿತು. 1992ರ ಮೇ ತಿಂಗಳವರೆಗೆ ಷೇರಿನ ನೀಡಿಕೆ ಬೆಲೆಯನ್ನು ದೆಹಲಿಯ ಬಂಡವಾಳ ನೀಡಿಕೆ ನಿಯಂತ್ರಕರು ನಿರ್ಧರಿಸುತ್ತಿದ್ದರು. ಆ ಕಚೇರಿ ರದ್ದಾದ ಮೇಲೆ, 1993ರ ಫೆಬ್ರವರಿಯಲ್ಲಿ ಇನ್ಫೋಸಿಸ್ 10 ರೂಪಾಯಿ ಮುಖಬೆಲೆಯ ಷೇರನ್ನು 95 ರೂಪಾಯಿಗೆ ಸಾರ್ವಜನಿಕರ ಮುಂದಿಟ್ಟಿತು. ಯಂತ್ರವಿಲ್ಲ, ಗೋದಾಮಿಲ್ಲ, ಸಾಫ್ಟ್‌ವೇರ್ ಎಂಬ ಕಣ್ಣಿಗೆ ಕಾಣದ ಸರಕಿಗೆ ಇಷ್ಟೊಂದು ಬೆಲೆಯೇ ಎಂದು ಜನ ಹಿಂಜರಿದರು. ನೀಡಿಕೆ ಪೂರ್ತಿ ಭರ್ತಿಯಾಗಲಿಲ್ಲ. ಆಗ ಅಮೆರಿಕದ ಮಾರ್ಗನ್ ಸ್ಟಾನ್ಲಿ ಅದೇ ಬೆಲೆಗೆ ಶೇ. 13ರ ಪಾಲನ್ನು ಕೊಂಡುಕೊಂಡಿತು. ಜೂನ್ ತಿಂಗಳಲ್ಲಿ ಷೇರು ಪೇಟೆಗೆ ಬಂದಾಗ 145 ರೂಪಾಯಿಗೆ ವಹಿವಾಟು ಆರಂಭವಾಯಿತು. ಮನೆಯಂಗಳದ ಮಲ್ಲಿಗೆಯ ಪರಿಮಳವನ್ನು ದಾರಿಹೋಕರು ಮೊದಲು ಗುರುತಿಸಿದಂತೆ ಆಯಿತು.

ಬಂದ ಹಣ ಹೋಗಲೂಬಲ್ಲದು. ಸೆಬಿಯಲ್ಲಿ ನೋಂದಾಯಿಸದವರು ನೋಂದಾಯಿತ ಸಂಸ್ಥೆಗಳ ಮೂಲಕ ಪಾರ್ಟಿಸಿಪೇಟರಿ ನೋಟ್ ಪಡೆದು ತೆರೆಮರೆಯಲ್ಲಿ ಹೂಡುತ್ತಿದ್ದರು. ಇದಕ್ಕೆ ಕಡಿವಾಣ ಹಾಕುವ ಪ್ರಸ್ತಾವ ಹೊರಬಿದ್ದ ಮರುದಿನ, 2007ರ ಅಕ್ಟೋಬರ್ 17ರಂದು, ಸೆನ್ಸೆಕ್ಸ್ ನಿಮಿಷಗಳಲ್ಲಿ 1,700ಕ್ಕೂ ಹೆಚ್ಚು ಅಂಶ ಕುಸಿದು ವಹಿವಾಟು ಒಂದು ಗಂಟೆ ನಿಂತಿತು. ಮರುವರ್ಷದ ಜಾಗತಿಕ ಬಿಕ್ಕಟ್ಟಿನಲ್ಲಿ ಜನವರಿಯ ಸುಮಾರು 21,000 ಅಂಶಗಳ ಸೂಚ್ಯಂಕ ಅಕ್ಟೋಬರ್ ಕೊನೆಗೆ 8,500ರ ಆಸುಪಾಸಿಗೆ ಇಳಿಯಿತು.

ಕತಾರ್ ಇದೇ ಹಾದಿಯನ್ನು ತಡವಾಗಿ, ಇನ್ನೂ ಎಚ್ಚರದಿಂದ ತುಳಿಯಿತು. ಅದಕ್ಕೆ ಹಣದ ಕೊರತೆಯಿರಲಿಲ್ಲ. ಬೇಕಾಗಿದ್ದದ್ದು ಜಗತ್ತಿನ ಪೇಟೆಗಳ ಸಾಲಿನಲ್ಲಿ ಒಂದು ಸ್ಥಾನ. ದೋಹಾದ ಷೇರುಪೇಟೆ 1997ರಲ್ಲಿ ವಹಿವಾಟು ಆರಂಭಿಸಿತು. 2005ರಲ್ಲಿ ಕತಾರಿಗಳಲ್ಲದವರಿಗೂ ಶೇ. 25ರ ಮಿತಿಯೊಳಗೆ ಪ್ರವೇಶ ದೊರೆಯಿತು. ಜಗತ್ತಿನ ದೊಡ್ಡ ನಿಧಿಗಳು ಅನುಸರಿಸುವ ಎಂಎಸ್‌ಸಿಐ ಸೂಚ್ಯಂಕ ಸಂಸ್ಥೆ ಕತಾರನ್ನು ‘ಉದಯೋನ್ಮುಖ ಪೇಟೆ’ಯೆಂದು ಒಪ್ಪಲು ಹಲವು ವರ್ಷ ಹಿಂದೇಟು ಹಾಕಿತು. ಷೇರು ಮತ್ತು ಹಣ ಏಕಕಾಲಕ್ಕೆ ಕೈಬದಲಾಗುವ ವ್ಯವಸ್ಥೆಯ ಕುರಿತ ಸಂದೇಹ, ವಿದೇಶಿ ಪಾಲಿನ ಕಿರಿದಾದ ಮಿತಿ, ಇವು ಅದರ ಆಕ್ಷೇಪಗಳಾಗಿದ್ದವು. 2013ರಲ್ಲಿ ಒಪ್ಪಿಗೆ ದೊರೆತು 2014ರ ಮೇ ತಿಂಗಳಲ್ಲಿ ಜಾರಿಯಾಯಿತು. ಅದೇ ವರ್ಷದ 9ನೆಯ ಕಾನೂನು ಮಿತಿಯನ್ನು ಶೇ. 49ಕ್ಕೆ ಏರಿಸಿತು, ಗಲ್ಫ್ ಸಹಕಾರ ಮಂಡಳಿಯ ದೇಶಗಳ ಪ್ರಜೆಗಳನ್ನು ಕತಾರಿಗಳಂತೆಯೇ ಎಣಿಸಿತು. 2021ರಲ್ಲಿ ಕತಾರ್ ನ್ಯಾಷನಲ್ ಬ್ಯಾಂಕ್ ಸೇರಿದಂತೆ ನಾಲ್ಕು ಬ್ಯಾಂಕುಗಳಲ್ಲಿ ಶೇ. 100ರವರೆಗೂ ವಿದೇಶಿ ಒಡೆತನಕ್ಕೆ ಮಂತ್ರಿಮಂಡಲ ಸಮ್ಮತಿಸಿತು.

ಹಾಗಾಗಿ ಐನ್ ಖಾಲಿದ್‌ನ ಕನ್ನಡ ಕುಟುಂಬವೊಂದು ದೋಹಾದಲ್ಲಿ ಹತ್ತು ಷೇರು ಕೊಂಡರೂ ಅವು ನ್ಯೂಯಾರ್ಕಿನ ನಿಧಿಯ ಷೇರುಗಳೊಡನೆ ಅದೇ ವಿದೇಶಿ ಪಾಲಿನ ಲೆಕ್ಕಕ್ಕೆ ಸೇರುತ್ತವೆ. ಭಾರತದಲ್ಲಿ ಸ್ಥಿತಿ ಬೇರೆ. ಅಲ್ಲಿ 2014ರಿಂದ ಈ ಸಂಸ್ಥೆಗಳಿಗೆ ‘ವಿದೇಶಿ ಪೋರ್ಟ್‌ಫೋಲಿಯೊ ಹೂಡಿಕೆದಾರರು’ ಎಂಬ ಹೊಸ ಹೆಸರು ಬಂದಿದೆ. ಅನಿವಾಸಿಗಳು ಆ ವರ್ಗದಲ್ಲಿ ನೋಂದಾಯಿಸಿಕೊಳ್ಳುವಂತಿಲ್ಲ. ನಮಗಿರುವುದು 1982ರ ಬಾಗಿಲಿನಿಂದ ಬೆಳೆದು ಬಂದ ಪ್ರತ್ಯೇಕ ದಾರಿ. 2019ರ ನಿಯಮಗಳ ಪ್ರಕಾರ ಸಾಮಾನ್ಯವಾಗಿ ಅಂಥ ವಿದೇಶಿ ನಿಧಿಯೊಂದರಲ್ಲಿ ಅನಿವಾಸಿಯೊಬ್ಬರ ಪಾಲು ಶೇ. 25ಕ್ಕಿಂತ, ಎಲ್ಲ ಅನಿವಾಸಿಗಳ ಒಟ್ಟು ಪಾಲು ಶೇ. 50ಕ್ಕಿಂತ ಕಡಿಮೆಯಿರಬೇಕು.