ಏಡ್ಸ್ ಜಾಗೃತಿ: ಕೃಷ್ಣಾ ತೀರದ ಹಳ್ಳಿಗಳು ಕಲಿಸಿದ ಪಾಠ

ಸಾಂಕ್ರಾಮಿಕ ರೋಗವೊಂದು ಕಾಲಿಟ್ಟಾಗ ಔಷಧಕ್ಕಿಂತ ಮೊದಲೇ ಹಳ್ಳಿಗೆ ತಲುಪುವುದು ಭಯ ಮತ್ತು ವದಂತಿ. ಅವುಗಳ ಜಾಗದಲ್ಲಿ ತಿಳಿವಳಿಕೆಯನ್ನು ನೆಲೆಗೊಳಿಸಲು ಸರ್ಕಾರದ ಕರಪತ್ರವಷ್ಟೇ ಸಾಲದು. ಊರಿನವರು ನಂಬುವ ವ್ಯಕ್ತಿ ಅವರದೇ ಮಾತಿನಲ್ಲಿ ವಿಷಯ ಹೇಳಬೇಕಾಗುತ್ತದೆ. ಸಮುದಾಯ ಕೇಂದ್ರಿತ ಆರೋಗ್ಯ ಸಂವಹನ ಎಂದು ಕರೆಯಲಾಗುವ ಈ ವಿಧಾನಕ್ಕೆ ರಾಜ್ಯದೊಳಗಿನ ಮಹತ್ವದ ನಿದರ್ಶನ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಎಚ್‌ಐವಿ ತಡೆ ಕಾರ್ಯವಾಗಿದೆ.

ಹಿನ್ನೆಲೆ: ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಮಹಾನಗರಗಳ ಮತ್ತು ಹೆದ್ದಾರಿಗಳ ರೋಗವೆಂದೇ ಬಹುಕಾಲ ಭಾವಿಸಲಾಗಿದ್ದ ಈ ಸೋಂಕು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿಯೂ ಬೇರುಬಿಟ್ಟಿತ್ತು. 1997ರಲ್ಲಿ ವಿಜಾಪುರದಿಂದ ಬೇರ್ಪಟ್ಟು ರಚನೆಯಾದ ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ಸಾಮಾನ್ಯ ಜನರ ನಡುವೆ ನಡೆದ ಸಮೀಕ್ಷೆಯಲ್ಲಿ ಶೇ 2.9ರಷ್ಟು ವಯಸ್ಕರಲ್ಲಿ ಸೋಂಕು ಕಂಡುಬಂದಿತು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೇ ಅದರ ಪ್ರಮಾಣ ಹೆಚ್ಚಾಗಿದ್ದುದು ಗಮನಾರ್ಹ. ಗರ್ಭಿಣಿಯರಲ್ಲಿ ಶೇ 1ನ್ನು ಮೀರಿದರೆ ಅದನ್ನು ಅಧಿಕ ಸೋಂಕಿನ ಪ್ರದೇಶವೆಂದು ಆಗ ಪರಿಗಣಿಸಲಾಗುತ್ತಿತ್ತು.

ಹಿಪ್ಪರಗಿ ಬ್ಯಾರೇಜ್‌ನ ಆಸುಪಾಸಿನ ಕೃಷ್ಣಾ ತೀರ, ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗ ಕಬ್ಬು ಮತ್ತು ನೇಕಾರಿಕೆಗೆ ಹೆಸರಾದುದು. ಇನ್ನೊಂದೆಡೆ, ದುಡಿಮೆ ಅರಸಿ ಮಹಾರಾಷ್ಟ್ರದ ನಗರಗಳಿಗೆ ವಲಸೆ ಹೋಗುವ ಕುಟುಂಬಗಳೂ ಈ ಭಾಗದಲ್ಲಿವೆ. 1982ರ ಕಾಯ್ದೆ ದೇವದಾಸಿಯಾಗಿ ಸಮರ್ಪಿಸುವುದನ್ನು ನಿಷೇಧಿಸಿದರೂ ಆ ಪದ್ಧತಿಯಿಂದ ನೊಂದ ಮಹಿಳೆಯರ ಬದುಕು ಒಮ್ಮೆಲೇ ಬದಲಾಗಲಿಲ್ಲ. ವಲಸೆ, ಬಡತನ ಮತ್ತು ಕಳಂಕ ಒಂದೆಡೆ ಸೇರಿದಾಗ ಸೋಂಕಿಗೆ ಹಾದಿ ಸುಗಮವಾಯಿತು.

ಭಯದ ಪ್ರಚಾರದ ಮಿತಿ: ಆರಂಭದ ವರ್ಷಗಳ ಏಡ್ಸ್ ಪ್ರಚಾರದಲ್ಲಿ ತಲೆಬುರುಡೆಯ ಚಿತ್ರ ಹಾಗೂ ಸಾವಿನ ಎಚ್ಚರಿಕೆಗಳೇ ಮುಂದಿದ್ದವು. ರೋಗ ಹೇಗೆ ಹರಡುತ್ತದೆ ಎಂಬುದಕ್ಕೆ ದೊರೆತ ಒತ್ತು, ಹೇಗೆ ಹರಡುವುದಿಲ್ಲ ಎಂಬುದಕ್ಕೆ ದೊರೆಯಲಿಲ್ಲ. ಜತೆಯಲ್ಲಿ ಕುಳಿತು ಊಟ ಮಾಡುವುದರಿಂದ, ಕೈ ಮುಟ್ಟುವುದರಿಂದ, ಸೊಳ್ಳೆ ಕಚ್ಚುವುದರಿಂದ ಎಚ್‌ಐವಿ ಬರುವುದಿಲ್ಲ. ಈ ಸರಳ ಸತ್ಯ ತಲುಪದ ಕಡೆ ಸೋಂಕಿತರನ್ನು ದೂರವಿಡುವುದು ರೂಢಿಯಾಗುತ್ತದೆ. ಊರೇ ದೂರವಿಡುವುದೆಂದು ತಿಳಿದವರು ಪರೀಕ್ಷೆಗೆ ಬರುವುದಿಲ್ಲ. ಪರೀಕ್ಷೆಯಾಗದ ಸೋಂಕು ಮತ್ತೊಬ್ಬರಿಗೆ ದಾಟುತ್ತದೆ.

ಗೆಳತಿಯೇ ಶಿಕ್ಷಕಿ: ಕೋಲ್ಕತ್ತದ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ ಅವರ ನೇತೃತ್ವದಲ್ಲಿ 1992ರಲ್ಲಿ ಆರಂಭವಾದ ಯೋಜನೆಯು ಲೈಂಗಿಕ ಕಾರ್ಯಕರ್ತೆಯರನ್ನೇ ಆರೋಗ್ಯ ಶಿಕ್ಷಕಿಯರನ್ನಾಗಿಸಿ ಹೊಸ ದಾರಿ ತೋರಿತ್ತು. ಬಾಗಲಕೋಟೆಯಲ್ಲಿ 2000ರ ದಶಕದ ಆರಂಭದಲ್ಲಿ ಭಾರತ-ಕೆನಡಾ ಸಹಭಾಗಿತ್ವದ ಎಚ್‌ಐವಿ/ಏಡ್ಸ್ ಯೋಜನೆ ಗ್ರಾಮೀಣ ಮಾದರಿಯೊಂದನ್ನು ಕೈಗೆತ್ತಿಕೊಂಡಿತು. 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಗೇಟ್ಸ್ ಪ್ರತಿಷ್ಠಾನದ ಆವಾಹನ್ ಕಾರ್ಯಕ್ರಮದ ನೆರವಿನೊಂದಿಗೆ ಇಂತಹ ಕೆಲಸವನ್ನು ರಾಜ್ಯದ ಹಲವು ಜಿಲ್ಲೆಗಳಲ್ಲಿ ಮುಂದುವರಿಸಿತು.

ಇಲ್ಲಿ ಮಾಹಿತಿ ಮುಟ್ಟಿಸುವ ಹೊಣೆ ಹೊತ್ತವರು ಅದೇ ಸಮುದಾಯದ ಮಹಿಳೆಯರು. ಸುಮಾರು 50ರಿಂದ 60 ಮಂದಿಗೆ ಒಬ್ಬ ಸಹವರ್ತಿ ಶಿಕ್ಷಕಿ ಎಂಬುದು ಇಂತಹ ಕಾರ್ಯಕ್ರಮಗಳ ಸಾಮಾನ್ಯ ಲೆಕ್ಕಾಚಾರ. ಓದು ಬರಹ ಬಾರದವರೂ ದಾಖಲೆ ಇಡಲು ಸಾಧ್ಯವಾಗುವಂತೆ ಚಿತ್ರಗಳಿರುವ ನಮೂನೆಗಳನ್ನು ಆವಾಹನ್ ಬಳಸಿತು. ಯಾರಿಗೆ ಕಾಂಡೋಮ್ ತಲುಪಿಲ್ಲ, ಯಾರು ತಪಾಸಣೆಗೆ ಬರಬೇಕಿದೆ ಎಂಬುದನ್ನು ಈ ಮಹಿಳೆಯರೇ ಗುರುತಿಸಿದರು. ಮಾಹಿತಿ ಪಡೆಯುವವರಷ್ಟೇ ಆಗಿದ್ದವರು ಯೋಜನೆ ರೂಪಿಸುವವರಾದರು.

ಮಾತು ಬದಲಾದ ಬಗೆ: ಜನರ ಮಾತಿಗೆ ಕಿವಿಗೊಟ್ಟಾಗ ಸಂದೇಶವೂ ಬದಲಾಗುತ್ತದೆ ಎಂಬುದಕ್ಕೆ ಮುಧೋಳ ಮತ್ತು ಜಮಖಂಡಿ ತಾಲ್ಲೂಕುಗಳು ಸಾಕ್ಷಿ. ಗಿರಾಕಿಗಳೊಂದಿಗೆ ಎಚ್ಚರಿಕೆ ವಹಿಸುವ ಮಹಿಳೆಯರಿಗೂ ಬಾಳಸಂಗಾತಿಯ ಬಳಿ ಕಾಂಡೋಮ್ ಮಾತೆತ್ತುವುದು ಕಷ್ಟವಾಗಿತ್ತು. ಹೊಡೆತ ಬಡಿತದ ಅಂಜಿಕೆ ಇರುವಲ್ಲಿ ‘ಕಾಂಡೋಮ್ ಬಳಸಿ’ ಎಂಬ ಉಪದೇಶ ನಿರರ್ಥಕ. ಆದ್ದರಿಂದ 2010ರ ದಶಕದಲ್ಲಿ ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘದ ಸಹಯೋಗದಲ್ಲಿ ನಡೆದ ‘ಸಂವೇದನಾ ಪ್ಲಸ್’ ಯೋಜನೆಯು ಈ ಎರಡು ತಾಲ್ಲೂಕುಗಳ 47 ಹಳ್ಳಿಗಳಲ್ಲಿ ಸಂಗಾತಿಗಳ ಹಿಂಸೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಪುರುಷರೊಂದಿಗೂ ಮಾತುಕತೆ ಆರಂಭಿಸಿತು.

ಗೋಪ್ಯತೆಯ ಸವಾಲು: ನೆರೆಮನೆಯವರ ಮಾತಿಗೆ ನಂಬಿಕೆ ಹೆಚ್ಚು ಎಂಬುದು ನಿಜ. ಆದರೆ ಗುಟ್ಟು ಬಯಲಾಗುವ ಅಪಾಯವೂ ಅಲ್ಲಿಯೇ ಹೆಚ್ಚು. ಸಣ್ಣ ಊರಿನಲ್ಲಿ ಒಬ್ಬರ ಪರೀಕ್ಷಾ ಫಲಿತಾಂಶ ಬಾಯಿಂದ ಬಾಯಿಗೆ ಹರಡಿದರೆ ವರ್ಷಗಳ ಶ್ರಮ ಮಣ್ಣುಪಾಲಾಗುತ್ತದೆ. ಆದುದರಿಂದ ಗೋಪ್ಯತೆ ಕಾಯುವ ತರಬೇತಿ ಈ ವಿಧಾನದ ಅಡಿಪಾಯ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಒಪ್ಪಿಗೆಯಿಲ್ಲದೆ ಪರೀಕ್ಷೆ ನಡೆಸುವುದನ್ನು, ಸೋಂಕಿನ ವಿವರ ಬಹಿರಂಗಪಡಿಸುವುದನ್ನು ನಿರ್ಬಂಧಿಸಿ, ಉದ್ಯೋಗ, ಶಿಕ್ಷಣ ಮತ್ತು ಚಿಕಿತ್ಸೆಯಲ್ಲಿ ತಾರತಮ್ಯವನ್ನು ನಿಷೇಧಿಸಿದೆ.

ಸೇವೆಯಿದ್ದರೆ ಮಾತಿಗೆ ಬೆಲೆ: ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುವ ಮಾತಿಗೆ ಬಲ ಬಂದದ್ದು ಚಿಕಿತ್ಸೆ ಕೈಗೆಟುಕಿದಾಗ. 2004ರ ಏಪ್ರಿಲ್‌ನಿಂದ ದೇಶದ ಸರ್ಕಾರಿ ಕೇಂದ್ರಗಳಲ್ಲಿ ಎಆರ್‌ಟಿ ಔಷಧ ಉಚಿತವಾಗಿ ದೊರೆಯತೊಡಗಿತು. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ 15ರಿಂದ 45. ಸಕಾಲಿಕ ಚಿಕಿತ್ಸೆಯಿಂದ ಅದನ್ನು ಶೇ 5ಕ್ಕಿಂತ ಕೆಳಗಿಳಿಸಬಹುದು. ಪರೀಕ್ಷೆ, ಚಿಕಿತ್ಸೆ, ಕಾಂಡೋಮ್ ಹಾಗೂ ಸಂವಹನ ಒಟ್ಟಾಗಿ ಸಾಗಿದ ಫಲವಾಗಿ ರಾಜ್ಯದ ಗರ್ಭಿಣಿಯರಲ್ಲಿ ಕಂಡುಬರುವ ಸೋಂಕಿನ ಪ್ರಮಾಣ ಗಣನೀಯವಾಗಿ ಇಳಿದಿದೆ.

ಇತರ ರೋಗಗಳಿಗೂ ಅನ್ವಯ: ಪಶ್ಚಿಮ ಆಫ್ರಿಕದಲ್ಲಿ 2014ರಿಂದ 2016ರವರೆಗೆ ಎಬೋಲಾ ಹಬ್ಬಿದಾಗ ಶವಸಂಸ್ಕಾರದ ಮೇಲಿನ ಕಟ್ಟುಪಾಡುಗಳಿಗೆ ಜನ ಪ್ರತಿರೋಧ ತೋರಿದ್ದರು. ಧಾರ್ಮಿಕ ಮುಖಂಡರನ್ನು ಜತೆಗೂಡಿಸಿಕೊಂಡು, ಸುರಕ್ಷಿತವೂ ಗೌರವಯುತವೂ ಆದ ಸಂಸ್ಕಾರಕ್ಕೆ ಅವಕಾಶ ಮಾಡಿಕೊಟ್ಟ ನಂತರ ಸಹಕಾರ ಹೆಚ್ಚಿತು. 2020ರ ಕೋವಿಡ್ ಕಾಲದಲ್ಲಿ ನಮ್ಮ ಹಳ್ಳಿಗಳ ಮನೆ ಬಾಗಿಲಿಗೆ ಹೋದವರು ಆಶಾ ಕಾರ್ಯಕರ್ತೆಯರು. ಅವರು ಹೊತ್ತೊಯ್ದ ಮಾಹಿತಿಯಷ್ಟೇ ಮುಖ್ಯವಾದದ್ದು ಆ ಮನೆಗಳೊಂದಿಗೆ ಅವರಿಗೆ ಮೊದಲೇ ಇದ್ದ ಬಳಕೆ.

ರೋಗ ಬಂದ ಮೇಲೆ ಕರಪತ್ರವನ್ನು ಒಂದೇ ದಿನದಲ್ಲಿ ಮುದ್ರಿಸಬಹುದು. ವಿಶ್ವಾಸವನ್ನು ಗಳಿಸಲು ವರ್ಷಗಳು ಬೇಕು. ಬಾಗಲಕೋಟೆಯ ಹಳ್ಳಿಗಳಲ್ಲಿ ಸಿದ್ಧವಾದ ಸಂಘಟನೆ, ಅನುಭವಗಳನ್ನು ಯೋಜನೆಯ ಅವಧಿ ಮುಗಿಯುತ್ತಲೇ ಕೈಬಿಡದೆ ಕಾಪಾಡಿಕೊಳ್ಳುವುದು ಮುಂದಿನ ಸಾಂಕ್ರಾಮಿಕಕ್ಕೆ ಮಾಡಿಕೊಳ್ಳುವ ಪೂರ್ವಸಿದ್ಧತೆಯೇ ಆಗಿದೆ. ಎಚ್‌ಐವಿ ಕುರಿತ ಸಂದೇಹಗಳಿಗೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದಾಗಿದೆ.